ಶಿಲುಬೆಕಟ್ಟೆಯ ಹತ್ತಿರ ಎನಿಡ್ ಹೇಳುತ್ತಿದ್ದ ಮಾತು

ಲಿಟಲ್ ಆಶ್‌ಕೂಂಬಿನಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ ಊರಿನವರು ತಪ್ಪದೆ ಬರುತ್ತಾರೆ. ಬಂದು ಹವಾಮಾನದ ವಿಷಯ ಮಾತಾಡಿ ಹೋಗುತ್ತಾರೆ. ಅವರದು ಕಲ್ಲೆದೆ ಎಂದು ಯಾರೂ ತಿಳಿಯಬಾರದು. ಸತ್ತವರ ಹೆಸರೆತ್ತಿದರೆ ಇದ್ದವರು ಎಲ್ಲಿ ಅತ್ತುಬಿಡುತ್ತಾರೋ, ಅತ್ತರೆ ತಾವು ಯಾವ ಕಡೆ ಮುಖ ತಿರುಗಿಸಬೇಕೋ ಎಂಬ ದಿಗಿಲು, ಅಷ್ಟೆ. ಹಾಗಾಗಿ ಫೆಬ್ರವರಿಯಲ್ಲಿ ಎನಿಡ್ ಹಾಬ್ಡೇ ತೀರಿಕೊಂಡಾಗ ಆಕೆಯ ಗಂಡ ಆಂಬ್ರೋಸರಿಗೆ ಊರಿನಿಂದ ಬಂದದ್ದು ತಟ್ಟೆಗಟ್ಟಲೆ ಸೇಬಿನ ಪೈ ಮತ್ತು ಮೂಡಣ ಗಾಳಿಯ ಸವಿಸ್ತಾರ ವರದಿ. ಎನಿಡ್‌ಳ ಅಣ್ಣ ಬಂದು, ತಂಗಿ ತವರಿನ ಮಣ್ಣಿಗೇ ಸೇರಬೇಕೆಂದು ಹಟ ಹಿಡಿದು ದೇಹವನ್ನು ನಾರಿಚ್‌ಗೆ ಒಯ್ದ. ಮಣ್ಣು ಅಲ್ಲಿ ಆದದ್ದರಿಂದ ಸತ್ತವರಿಗೆ ಬಾರಿಸುವ ಇಲ್ಲಿನ ಚರ್ಚಿನ ಗಂಟೆಯನ್ನು ಆಕೆಗಾಗಿ ಬಾರಿಸಲಿಲ್ಲ. ಆಮೇಲೆ ಆಕೆಯ ಹೆಸರನ್ನು ಆಂಬ್ರೋಸರ ಎದುರು ಒಂದು ನರಪಿಳ್ಳೆಯೂ ಎತ್ತಲಿಲ್ಲ.

ಎನಿಡ್ ಪ್ರತಿ ಶನಿವಾರ ಊರು ನೋಡಲು ಬಂದವರನ್ನು ಸುತ್ತಾಡಿಸುತ್ತಿದ್ದಳು. ಚರ್ಚಿನಿಂದ ಹೊರಟು, ಹಳೆಯ ಹಿಟ್ಟಿನ ಗಿರಣಿ ದಾಟಿ, ಕುರಿಹೊಲದ ಮೇಲೆ ನಡೆದು, ಕಮಾನು ಸೇತುವೆಯಿಂದ ಊರ ನಡುವಿನ ಹುಲ್ಲುಬಯಲಿಗೆ ಬಂದು, ಅಲ್ಲಿನ ಕಲ್ಲಿನ ಶಿಲುಬೆಕಟ್ಟೆಯ ಹತ್ತಿರ ನಿಂತು, ಕೊನೆಗೆ ಗುಡ್ಡದ ಮಗ್ಗುಲಲ್ಲಿ ಮುರಿದುಬಿದ್ದಿರುವ ಮಠಕ್ಕೆ ಹೋಗುವುದು. ಒಂದು ಅಕ್ಷರವನ್ನೂ ಆಕೆ ಬರೆದಿಟ್ಟವಳಲ್ಲ. ಎಲ್ಲವೂ ಬಾಯಲ್ಲೇ. ಆಂಬ್ರೋಸರ ಕೆಲಸ ಗುಂಪಿನ ಬಾಲದಲ್ಲಿ ನಡೆಯುವುದು, ಹಿಂದುಳಿದವರನ್ನು ಅಟ್ಟಿಕೊಂಡು ಬರುವುದು, ಗೇಟು ಹಾಕುವುದು. ಗೇಟು ಅಂದರೆ ಸಣ್ಣ ಮಾತು ಅಂದುಕೊಳ್ಳಬೇಡಿ. ಹೆಂಡತಿಯನ್ನು ಬಿಟ್ಟವನನ್ನಾದರೂ ಆ ಸೀಮೆಯವರು ಚಹಾಕ್ಕೆ ಕರೆದಾರು, ಕುರಿಹೊಲದ ಗೇಟು ತೆರೆದು ಬಿಟ್ಟವನನ್ನು ಕರೆಯಲಾರರು. ಅದರಲ್ಲೂ ಸೇತುವೆಯ ಕಡೆಯ ಗೇಟು ಮಳೆಯಲ್ಲಿ ನೆನೆದು ಉಬ್ಬಿ, ಎತ್ತಿ ಒದ್ದು ಹಗ್ಗ ಬಿಗಿದ ಹೊರತು ಕೂರುತ್ತಿರಲಿಲ್ಲ. ಆಂಬ್ರೋಸರು ಅದರ ಜೊತೆ ಕುಸ್ತಿ ಮುಗಿಸಿ ಶಿಲುಬೆಕಟ್ಟೆ ಮುಟ್ಟುವ ಹೊತ್ತಿಗೆ ಎನಿಡ್ ಮುಂದಕ್ಕೆ ಹೆಜ್ಜೆ ಹಾಕಿಯಾಗಿರುತ್ತಿತ್ತು. ಆದ್ದರಿಂದ ಗಿರಣಿಯ ಕಥೆ, ಮಠದ ಕಥೆ ಎಲ್ಲ ಅವರಿಗೆ ಕಂಠಪಾಠ. ಶಿಲುಬೆಕಟ್ಟೆಯ ಹತ್ತಿರ ಆಕೆ ಏನು ಹೇಳುತ್ತಿದ್ದಳೋ ಅದೊಂದು ಮಾತ್ರ ಗೊತ್ತಿಲ್ಲ.

ಆಕೆ ಹೋದ ಮೇಲೆ ಆ ಕೆಲಸವನ್ನು ಆಂಬ್ರೋಸರೇ ವಹಿಸಿಕೊಂಡರು. ಮನೆಯಲ್ಲಿ ಆಕೆಯ ಮಾತು ನಿಂತುಹೋಗಿತ್ತು. ಶನಿವಾರವಾದರೂ ಅದು ತಮ್ಮ ಬಾಯಲ್ಲಿ ಬರಲಿ ಎಂಬ ಆಸೆ. ಬರುತ್ತಲೂ ಇತ್ತು, ಕ್ರಮ ಮಾತ್ರ ಸ್ವಲ್ಪ ಹಿಂದುಮುಂದಾಗಿ. ಯಾವಳೋ ಒಬ್ಬ ರಾಣಿಯನ್ನು ಒಂದೇ ರಾತ್ರಿಯಲ್ಲಿ ಊರಿನ ಮೂರು ಮನೆಗಳಲ್ಲಿ ಮಲಗಿಸಿಬಿಟ್ಟರು. ಕೇಳಿದವರೊಬ್ಬರು, "ಪಾಪ, ನಿದ್ದೆ ಬರದ ಕಾಯಿಲೆಯಿತ್ತೇನೋ" ಎಂದು ಮರುಗಿದರು. ಇನ್ನೊಂದು ಸಲ ದಾರಿ ತಪ್ಪಿ ಗುಂಪನ್ನು ನಿವೃತ್ತ ಮೇಜರರ ತರಕಾರಿ ತೋಟಕ್ಕೆ ನುಗ್ಗಿಸಿ, ಬೀನ್ಸ್ ಬಳ್ಳಿಗೆ ನೆಟ್ಟ ಕೋಲುಗಳನ್ನು ರೋಮನ್ನರ ಕಾಲದ್ದೆಂದು ತೋರಿಸಿದರು.

ಸುದ್ದಿ ಪಂಚಾಯಿತಿ ಅಧ್ಯಕ್ಷೆ ಮಿಸೆಸ್ ಗಾಡ್‌ಫ್ರೀಯ ಕಿವಿಗೆ ಬಿತ್ತು. ಆಕೆ ಮನೆಗೇ ಬಂದರು.

"ಮಿಸ್ಟರ್ ಹಾಬ್ಡೇ, ನಿಮ್ಮ ಸೇವೆಗೆ ಇಡೀ ಊರು ಋಣಿಯಾಗಿದೆ" ಅಂದರು. ಆ ಊರಿನಲ್ಲಿ ಹೊಗಳಿಕೆಯಿಂದ ಶುರುವಾದ ಮಾತು ಒಳ್ಳೆಯ ಕಡೆ ಮುಟ್ಟಿದ ಉದಾಹರಣೆಯಿಲ್ಲ. ಆಂಬ್ರೋಸರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಇನ್ಮೇಲೆ ನಿಮಗ್ಯಾಕೆ ತೊಂದರೆ ಅಂತ. ಒಂದು ಬೋರ್ಡು ಹಾಕಿಸಿಬಿಡೋಣ. ನಕ್ಷೆ ಇರುತ್ತೆ, ಬಾಣದ ಗುರುತು ಇರುತ್ತೆ. ಬೋರ್ಡಿಗೆ ನೆಗಡಿ ಆಗಲ್ಲ, ಮರೆವು ಬರಲ್ಲ."

"ಬೋರ್ಡು ಗೇಟು ಹಾಕುತ್ತಾ?" ಅಂದರು ಆಂಬ್ರೋಸರು.

ಉತ್ತರ ತೋಚದಿದ್ದಾಗ ಅವಧಿ ಕೊಡುವುದು ಎಲ್ಲ ಪಂಚಾಯಿತಿಗಳ ಧರ್ಮ. "ಈ ಶನಿವಾರ ಡಡ್ಲಿಯಿಂದ ಇತಿಹಾಸ ಸಂಘದವರು ಬಸ್ಸು ಮಾಡ್ಕೊಂಡು ಬರ್ತಿದ್ದಾರೆ. ನಾನೂ ಜೊತೆಗೆ ಬರ್ತೀನಿ. ಸುಮ್ನೆ, ಹಿಂದೆ ಹಿಂದೆ. ಚರ್ಚು, ಗಿರಣಿ, ಶಿಲುಬೆಕಟ್ಟೆ, ಮಠ, ಎಲ್ಲ ಸರಿಯಾಗಿ ಹೇಳಿದ್ರೆ ಬೋರ್ಡಿನ ಮಾತೇ ಬೇಡ. ಇಲ್ಲಾಂದ್ರೆ ನೀವು ಆರಾಮಾಗಿ ವಿಶ್ರಾಂತಿ ತಗೊಳ್ಳಿ."

ಶಿಲುಬೆಕಟ್ಟೆ! ಇದುವರೆಗೆ ಪ್ರತಿ ಸಲವೂ ಆ ಜಾಗಕ್ಕೆ ಬರುವ ಹೊತ್ತಿಗೆ ಮಳೆ ಹಿಡಿದು, ಬಂದವರೆಲ್ಲ ಚಹಾದಂಗಡಿಗೆ ಓಡಿ, ಆಂಬ್ರೋಸರ ಮಾನ ಉಳಿದಿತ್ತು. ಈಗ ಯಾರನ್ನಾದರೂ ಕೇಳಲೇಬೇಕು. ಆ ಹುಲ್ಲುಬಯಲಿನ ಎದುರಿಗೇ ಬೆರಿಲ್‌ಳ ಕಿರಾಣಿ ಅಂಗಡಿ. ಅವಳಿಗೆ ಗೊತ್ತಿಲ್ಲದ ವಿಷಯವಿಲ್ಲ. ಆಂಬ್ರೋಸರು ಅಂಗಡಿಗೆ ಹೋದರು. "ಬೆರಿಲ್, ಒಂದು ಮಾತು ಕೇಳಬೇಕಿತ್ತು. ಅದು, ನಮ್ಮ..." ಎನ್ನುವಷ್ಟರಲ್ಲಿ ಬೆರಿಲ್‌ಳ ಮುಖ ಬೆಳ್ಳಗಾಯಿತು. "ಈ ವಾರ ಸ್ವಲ್ಪ ಬಿಸಿಲು ಬರಬಹುದಂತೆ, ಮಿಸ್ಟರ್ ಹಾಬ್ಡೇ!" ಎಂದು ಕಿರುಚಿದಂತೆ ಹೇಳಿದಳು. ಆಂಬ್ರೋಸರು ಒಂದು ಬಾಟಲಿ ಸಾಸಿವೆ ಚಟ್ನಿ ಕೊಂಡು ವಾಪಸು ಬಂದರು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಶುಕ್ರವಾರದ ಹೊತ್ತಿಗೆ ಅವರ ಅಡುಗೆಮನೆಯ ಕಿಟಕಿಯಲ್ಲಿ ಸಾಸಿವೆ ಬಾಟಲಿಗಳು ಸಿಪಾಯಿಗಳ ಹಾಗೆ ಸಾಲಾಗಿ ನಿಂತಿದ್ದವು.

ಶನಿವಾರ ಬೆಳಗಾಯಿತು. ಮಳೆ ಬೇಕೆಂದು ಬೇಡಿಕೊಂಡ ಏಕೈಕ ಇಂಗ್ಲಿಷಿನವರ ಮೊರೆಯನ್ನು ದೇವರು ಕೇಳಲಿಲ್ಲ. ಬಿಸಿಲೆಂದರೆ ಬಿಸಿಲು.

ಡಡ್ಲಿಯವರು ಬಂದಿಳಿದರು. ಅವರ ಮುಂದಾಳು ಮಿಸ್ಟರ್ ಕ್ರಂಪ್, ಒಂದು ಕಾಲದಲ್ಲಿ ಬೆಂಕಿ ಆರಿಸುವ ದಳದಲ್ಲಿದ್ದವನು, ಒಂಟೆಯಷ್ಟು ಎತ್ತರ, ಹಸುವಿನಷ್ಟು ಸಾಧು. ಚರ್ಚಿನ ಕಥೆ ತೊಡಕಿಲ್ಲದೆ ಆಯಿತು. ಗಿರಣಿಯ ಕಥೆಯಲ್ಲಿ, ಅಂತರ್ಯುದ್ಧದಲ್ಲಿ ಸೋತ ಸೈನಿಕರು ಹಿಟ್ಟಿನ ಮೂಟೆಗಳ ನಡುವೆ ಅಡಗಿ ಕೂತು ಸೀನಿ ಸಿಕ್ಕಿಬಿದ್ದ ಭಾಗಕ್ಕೆ ಹೆಂಗಸರು ನಕ್ಕರು. ಅದು ಎನಿಡ್ ನಗಿಸುತ್ತಿದ್ದ ಜಾಗವೇ. ಆಂಬ್ರೋಸರಿಗೆ ಜೀವ ಬಂದಂತಾಯಿತು. ಕುರಿಹೊಲ ದಾಟಿ ಗುಂಪು ಸೇತುವೆಯ ಮೇಲೆ ಬಂತು. ಎಲ್ಲರ ಹಿಂದಿದ್ದವರು ಅಧ್ಯಕ್ಷೆ. ಆದ್ದರಿಂದ ಗೇಟು ಹಾಕುವ ಧರ್ಮವೂ ಅವರ ಪಾಲಿಗೇ ಬಂತು. ಅವರು ಅದನ್ನು ದಬ್ಬುತ್ತ, ಎತ್ತುತ್ತ, ಸಭ್ಯ ಭಾಷೆಯಲ್ಲಿ ಬೈಯುತ್ತ ಹಿಂದೆ ಉಳಿದರು.

ಆಂಬ್ರೋಸರು ಶಿಲುಬೆಕಟ್ಟೆಯ ಮುಂದೆ ನಿಂತರು. ಗುಂಪು ಸುತ್ತ ನಿಂತಿತು. ಅವರು ಬಾಯಿ ತೆರೆದರು. ಎನಿಡ್ ಅಲ್ಲಿ ನಿಲ್ಲುತ್ತಿದ್ದ ರೀತಿ ಕಣ್ಣಿಗೆ ಕಟ್ಟಿದಂತಿತ್ತು. ದೂರದ ಗೇಟಿನಿಂದ ನೋಡಿದರೆ ಆಕೆಯ ನೀಲಿ ಕೋಟು, ಸೇತುವೆಯ ಕಡೆ ತಿರುಗಿದ ಮುಖ. ಮಾತು ಮಾತ್ರ ಇಲ್ಲ. ತೆರೆದ ಬಾಯನ್ನು ಮುಚ್ಚಿದರು. ತಲೆ ಕೆರೆದುಕೊಳ್ಳಲೆಂದು ಟೋಪಿ ತೆಗೆದರು. ಏನಾದರೂ ಹೊಳೆದೀತೇನೋ ಎಂದು ಕಣ್ಣು ಮುಚ್ಚಿ ತಲೆ ತಗ್ಗಿಸಿದರು.

ಮಿಸ್ಟರ್ ಕ್ರಂಪ್ ನೋಡಿದ. ಶಿಲುಬೆಯ ಮುಂದೆ ಬರಿದಲೆ, ಮುಚ್ಚಿದ ಕಣ್ಣು, ಬಾಗಿದ ಕತ್ತು. ಇದರರ್ಥ ತಿಳಿಯಲು ಇತಿಹಾಸ ಸಂಘವೇ ಬೇಕಿಲ್ಲ. ಅವನೂ ಟೋಪಿ ತೆಗೆದು ತಲೆ ತಗ್ಗಿಸಿದ. ಅವನನ್ನು ನೋಡಿ ಉಳಿದವರು. ಐಸ್‌ಕ್ರೀಮ್ ತಿನ್ನುತ್ತಿದ್ದ ಹೆಂಗಸೊಬ್ಬಳು ಅದನ್ನು ಬೆನ್ನ ಹಿಂದೆ ಮರೆಮಾಡಿಕೊಂಡಳು.

ಆಂಬ್ರೋಸರು ಕಣ್ಣು ತೆರೆದಾಗ ಇಡೀ ಡಡ್ಲಿ ತಲೆ ತಗ್ಗಿಸಿ ನಿಂತಿತ್ತು. ಆ ದೇಶದಲ್ಲಿ ಮೌನಕ್ಕೆ ಒಂದು ಕಟ್ಟಳೆಯಿದೆ: ಶುರು ಮಾಡಿದವನೇ ಮುಗಿಸಬೇಕು. ಅವನು ಮುಗಿಸುವ ತನಕ ಮನೆಗೆ ಬೆಂಕಿ ಬಿದ್ದರೂ ಉಳಿದವರು ಮಿಸುಕುವಂತಿಲ್ಲ. ಈಗ ಏನಾದರೂ ಮಾತಾಡಿದರೆ ಅಪಚಾರವಾದೀತೆಂದು ಆಂಬ್ರೋಸರು ಮತ್ತೆ ಕಣ್ಣು ಮುಚ್ಚಿದರು. ಯಾರಿಗಾಗಿ ಈ ಮೌನ ಎಂದು ಅವರಿಗೂ ಕುತೂಹಲವಿತ್ತು.

ಕಸ ಗುಡಿಸಲು ಬಂದ ಬೆರಿಲ್ ಪೊರಕೆ ಹಿಡಿದೇ ಬಾಗಿಲಲ್ಲಿ ಸ್ತಬ್ಧಳಾದಳು. ರಸ್ತೆಯಲ್ಲಿ ಬರುತ್ತಿದ್ದ ಟ್ರ್ಯಾಕ್ಟರಿನವನು ಎಂಜಿನ್ ಆರಿಸಿ ಇಳಿದು ನಿಂತ. ಅವನ ಹಿಂದಿನ ಕಾರುಗಳು ಹಾರ್ನ್ ಮಾಡದೆ ನಿಂತವು. ಗೇಟಿನಿಂದ ಏದುಸಿರು ಬಿಡುತ್ತ ಬಂದ ಅಧ್ಯಕ್ಷೆ ಈ ದೃಶ್ಯ ಕಂಡು ಅಲ್ಲೇ ಕೈ ಕಟ್ಟಿ ನಿಂತರು. ಎಲ್ಲರ ಮನಸ್ಸಿನಲ್ಲೂ ಒಂದೇ ಪ್ರಶ್ನೆ, ಯಾರ ಬಾಯಲ್ಲೂ ಇಲ್ಲ. ಉಳಿದವರಿಗೆಲ್ಲ ಗೊತ್ತಿದೆ, ತನಗೊಬ್ಬನಿಗೆ ಗೊತ್ತಿಲ್ಲ ಎಂದು ಪ್ರತಿಯೊಬ್ಬರೂ ತಿಳಿದಿದ್ದರು.

ಕೊನೆಗೆ ಆಂಬ್ರೋಸರು ಕೆಮ್ಮಿ, ಟೋಪಿ ಹಾಕಿಕೊಂಡು, "ಧನ್ಯವಾದ. ಇನ್ನು ಮಠಕ್ಕೆ ಹೋಗೋಣ" ಅಂದರು. ಐಸ್‌ಕ್ರೀಮಿನ ಹೆಂಗಸು ಅವರ ತೋಳನ್ನು ಮೆಲ್ಲಗೆ ಒತ್ತಿದಳು.

ಅಧ್ಯಕ್ಷೆ ಗುಂಪಿನ ಹಿಂದೆ ಹೋಗಲಿಲ್ಲ. ಊರಿನಲ್ಲಿ ಸಾವಾಗಿ, ಅದು ಅಧ್ಯಕ್ಷೆಗೇ ಗೊತ್ತಿಲ್ಲವೆಂದರೆ ಮುಂದಿನ ಚುನಾವಣೆಗೆ ನಿಲ್ಲುವ ಮುಖವೆಲ್ಲಿ? ನೇರ ಬೆರಿಲ್‌ಳ ಅಂಗಡಿಗೆ ಹೋದರು.

"ತುಂಬಾ ದುಃಖದ ವಿಷಯ ಬೆರಿಲ್" ಅಂದರು.

ಬೆರಿಲ್‌ಗೆ ತಲೆಬುಡ ಗೊತ್ತಿಲ್ಲ. ಊರಿನ ಸುದ್ದಿ ಅಂಗಡಿಯವಳಿಗೇ ತಿಳಿಯದಿದ್ದರೆ ಅಂಗಡಿ ಇದ್ದೇನು ಪ್ರಯೋಜನ? "ಅಯ್ಯೋ, ಕೇಳಿದಾಗಿನಿಂದ ಕೈಕಾಲೇ ಆಡ್ತಿಲ್ಲ" ಅಂದಳು.

"ಇಷ್ಟು ಬೇಗ ಆಗುತ್ತೆ ಅಂತ..." ಅಧ್ಯಕ್ಷೆ ಗಾಳ ಹಾಕಿದರು.

"ಬೇಗ ಅನ್ನೋ ಹಾಗೂ ಇಲ್ಲ ಅಲ್ವಾ?" ಬೆರಿಲ್ ಇನ್ನೊಂದು ಗಾಳ ಬಿಟ್ಟಳು.

"ಹೂಂ, ಅದೂ ನಿಜ. ವಯಸ್ಸಾಗಿತ್ತು."

"ವಯಸ್ಸೇನು ಕಮ್ಮೀನಾ! ಆದ್ರೂ ಗಟ್ಟಿಯಾಗಿದ್ದರು."

"ಕೊನೇ ತನಕ ಗಟ್ಟಿ. ಕಿವಿ ಒಂದು ಸ್ವಲ್ಪ..."

"ಕಿವಿ!" ಎಂದು ಬೆರಿಲ್ ಎದೆ ಹಿಡಿದುಕೊಂಡಳು. "ಬೆಳಿಗ್ಗೆ ಪೇಪರ್ ತಗೊಳ್ಳೋಕೆ ಬರಲಿಲ್ಲ. ಹಾಗೇ ಇಟ್ಟಿದೀನಿ ನೋಡಿ."

ಇಬ್ಬರೂ ಒಟ್ಟಿಗೆ, "ಪಾಪ, ಮಿಸ್ ಪಾಲ್‌ಫ್ರೀ!" ಅಂದರು. ಹೀಗೆ ಇಬ್ಬರು ಬಲ್ಲವರು ಸೇರಿ, ಊರಿನ ಅತ್ಯಂತ ಹಿರಿಯ ಹೆಂಗಸನ್ನು ಸಾಯಿಸಿದರು.

ಮಿಸ್ ಪಾಲ್‌ಫ್ರೀ ಆ ಹೊತ್ತಿಗೆ ಚರ್ಚಿನ ಹಿಂದಿನ ತನ್ನ ಪುಟ್ಟ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಹಿಂದಿನ ಸಂಜೆ ಯಾರದೋ ಹುಟ್ಟುಹಬ್ಬದಲ್ಲಿ ಶೆರಿ ವೈನು ಸ್ವಲ್ಪ ಧಾರಾಳವಾಗಿತ್ತು. ಹೋಗಿ ಬಾಗಿಲು ತಟ್ಟಿ ನೋಡಬಹುದಿತ್ತು ಎಂದು ನಿಮಗೆ ಅನ್ನಿಸಬಹುದು. ಸಾವಿನ ಮನೆಯ ಬಾಗಿಲನ್ನು ಕರೆಯದೆ ತಟ್ಟುವಷ್ಟು ಅಸಭ್ಯರು ಆ ಊರಿನಲ್ಲಿ ಇರಲಿಲ್ಲ. ಬೆರಿಲ್ ಪಾದ್ರಿ ಯಾಪ್‌ಗೆ ಹೇಳಿದಳು. ಊರಿಗೆ ಹೊಸಬನಾದ ಆ ಪಾದ್ರಿ, ಕೊನೆಯ ಗಳಿಗೆಯಲ್ಲಿ ಪಕ್ಕದಲ್ಲಿದ್ದು ಪ್ರಾರ್ಥನೆ ಹೇಳಲಿಲ್ಲವಲ್ಲ ಎಂದು ಹೌಹಾರಿ, "ಗೊತ್ತಾಯ್ತು, ಗೊತ್ತಾಯ್ತು, ನನಗೆ ಮೊದಲೇ ಗೊತ್ತಾಗಿತ್ತು" ಎನ್ನುತ್ತ ಗೋಪುರಕ್ಕೆ ಓಡಿ ಬಾವುಟವನ್ನು ಅರ್ಧಕ್ಕೆ ಇಳಿಸಿದ.

ಅತ್ತ ಮಠದಲ್ಲಿ ಆಂಬ್ರೋಸರು ಕಂಬಗಳ ನಡುವೆ ನಿಂತು, ಎಂಟನೇ ಹೆನ್ರಿಯ ಆಳುಗಳು ಮಾಡಿಗೆ ಹೊದಿಸಿದ್ದ ಸೀಸದ ತಗಡು ಕಿತ್ತದ್ದು, ಊರಿನವರು ಕಲ್ಲು ಹೊತ್ತುಕೊಂಡು ಹೋಗಿ ಹಂದಿಗೂಡು ಕಟ್ಟಿದ್ದು ಹೇಳುತ್ತಿದ್ದರು. ಸನ್ಯಾಸಿಗಳ ಊಟದ ಮನೆಯನ್ನು ಕುದುರೆಲಾಯವೆಂದರು. ಯಾರೂ ತಕರಾರು ಎತ್ತಲಿಲ್ಲ. ದುಃಖದಲ್ಲಿರುವವರ ತಪ್ಪು ತಿದ್ದಬಾರದೆಂದು ಕ್ರಂಪ್ ಎಲ್ಲರಿಗೂ ಕಣ್ಸನ್ನೆ ಮಾಡಿದ್ದ. ಮಾತಿನ ನಡುವೆ ಆಂಬ್ರೋಸರು ಕಣಿವೆಯ ಕಡೆ ನೋಡಿದರು. ಚರ್ಚಿನ ಗೋಪುರದ ಮೇಲೆ ಬಾವುಟ ಅರ್ಧಕ್ಕೆ ಇಳಿದಿತ್ತು.

ಊರಿನಲ್ಲಿ ಯಾರೋ ಹೋಗಿದ್ದಾರೆ! ಮೆಲ್ಲಗೆ ಮತ್ತೆ ಟೋಪಿ ತೆಗೆದರು. ಡಡ್ಲಿಯೂ ತೆಗೆಯಿತು.

"ತುಂಬಾ ಬೇಕಾದವರಾ?" ಎಂದು ಕ್ರಂಪ್ ಪಿಸುದನಿಯಲ್ಲಿ ಕೇಳಿದ.

"ಯಾರು ಅಂತಾನೇ ಗೊತ್ತಾಗ್ತಿಲ್ಲ ನನಗೆ" ಅಂದರು ಆಂಬ್ರೋಸರು, ಬಾವುಟದಿಂದ ಕಣ್ಣು ಕೀಳದೆ.

ಕ್ರಂಪ್ ಹೆಂಗಸರ ಕಡೆ ತಿರುಗಿ, "ಪಾಪ, ನಂಬೋಕೇ ಆಗ್ತಿಲ್ಲ ಅವರಿಗೆ" ಅಂದ.

ಅವರು ಇಳಿದು ಬರುವಷ್ಟರಲ್ಲಿ ಗಂಟೆಯೂ ಶುರುವಾಗಿತ್ತು. ಒಂದು ಹೊಡೆತ, ದೀರ್ಘ ಬಿಡುವು, ಮತ್ತೊಂದು ಹೊಡೆತ. ಶಿಲುಬೆಕಟ್ಟೆಯ ಸುತ್ತ ಊರಿಗೆ ಊರೇ ಸೇರಿತ್ತು. ಅಂಗಡಿ ಮುಚ್ಚಿತ್ತು. ಸಮುದಾಯ ಭವನದಲ್ಲಿ ಸೌತೆಕಾಯಿ ಸ್ಯಾಂಡ್‌ವಿಚ್‌ಗಳು ಒದ್ದೆ ಬಟ್ಟೆ ಹೊದ್ದು ಕಾದಿದ್ದವು. ಆಂಬ್ರೋಸರಿಗೆ ಜನ ದಾರಿ ಬಿಟ್ಟರು. ಮೊಟ್ಟಮೊದಲು ಸುದ್ದಿ ತಿಳಿದ ಮನುಷ್ಯನೆಂದು ಎಲ್ಲರಿಗೂ ಅವರ ಮೇಲೆ ಗೌರವ.

ಆಗ ಚರ್ಚಿನ ಕಡೆಯಿಂದ ಕಪ್ಪು ಕೋಟು ತೊಟ್ಟು, ಕೋಲೂರುತ್ತ, ಮಿಸ್ ಪಾಲ್‌ಫ್ರೀ ಬಂದಳು. ಗಂಟೆಯ ಸದ್ದು ಕಿವಿಗೆ ಅರ್ಧಂಬರ್ಧ ಬಿದ್ದಿದ್ದರೂ ಬಾವುಟ ಪೂರ್ತಿ ಕಣ್ಣಿಗೆ ಬಿದ್ದಿತ್ತು. ಸತ್ತವರು ಯಾರೇ ಆಗಲಿ, ತಾನು ಬರದಿದ್ದರೆ ಚೆನ್ನಾಗಿರುವುದಿಲ್ಲವೆಂದು ಎದ್ದು ಬಂದಿದ್ದಳು. ಬೆರಿಲ್ ಕೈಯಲ್ಲಿದ್ದ ಹೂಗುಚ್ಛವನ್ನು ಟ್ರ್ಯಾಕ್ಟರಿನವನ ಕೈಗೆ ತುರುಕಿದಳು. ಅವನು ಅದನ್ನು ಕೆಂಡದ ಹಾಗೆ ಪಕ್ಕದವನಿಗೆ ದಾಟಿಸಿದ. ಪಾದ್ರಿ ಗಂಟೆಯವನಿಗೆ ಕೈ ಬೀಸಿದ. ಗಂಟೆ ನಿಂತಿತು.

"ಯಾರು ಹೋದದ್ದು?" ಎಂದಳು ಮಿಸ್ ಪಾಲ್‌ಫ್ರೀ. ಕಿವುಡರ ಪಿಸುಮಾತು ಪಕ್ಕದ ಊರಿಗೆ ಕೇಳಿಸಿತು.

ಪಾದ್ರಿ ಬೆರಿಲ್‌ಳನ್ನು ನೋಡಿದ. ಬೆರಿಲ್ ಅಧ್ಯಕ್ಷೆಯನ್ನು ನೋಡಿದಳು. ಅಧ್ಯಕ್ಷೆ ಅಧಿಕಾರದ ದನಿಯಲ್ಲಿ, "ಮಿಸ್ಟರ್ ಹಾಬ್ಡೇ ಹೇಳ್ತಾರೆ" ಅಂದರು.

"ನಾನಾ? ನಾನು ಬಾವುಟ ನೋಡಿ ಟೋಪಿ ತೆಗೆದೆ" ಅಂದರು ಆಂಬ್ರೋಸರು ಗಾಬರಿಯಾಗಿ.

"ನೀವು ಟೋಪಿ ತೆಗೆದ್ರಿ ಅಂತ ಅಲ್ವೇ ಬಾವುಟ ಇಳಿಸಿದ್ದು! ಬೆಳಿಗ್ಗೆ ಇಲ್ಲೇ ನಿಂತು ತೆಗೆದ್ರಲ್ಲ, ಅದು ಯಾರಿಗೆ?" ಅಂದರು ಅಧ್ಯಕ್ಷೆ.

ಬುದ್ಧಿವಂತನಾಗಿದ್ದರೆ ಈ ಗಳಿಗೆಯಲ್ಲಿ ಯಾವನೋ ಹಳೆಯ ಕಾಲದ ಸೈನಿಕನ ಹೆಸರು ಹೇಳಿ ಪಾರಾಗುತ್ತಿದ್ದ. ಕೆಲಸ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಆಂಬ್ರೋಸರಿಗೆ ಅಷ್ಟು ಬುದ್ಧಿ ಓಡಲಿಲ್ಲ. ಟೋಪಿಯ ಅಂಚನ್ನು ತಿರುವುತ್ತ, ಬೋರ್ಡಿಗೆ ತಾವೇ ಗುಂಡಿ ತೋಡಿದರು.

"ಯಾರೂ ಸತ್ತಿಲ್ಲ. ನನಗೆ ಮಾತು ಬರಲಿಲ್ಲ, ಅಷ್ಟೇ. ಎನಿಡ್ ಇಲ್ಲಿ ಏನು ಹೇಳ್ತಿದ್ದಳು ಅಂತ ನನಗೆ ಗೊತ್ತಿಲ್ಲ. ನಾನು ಆ ಹೊತ್ತಿಗೆ ಗೇಟು ಹಾಕ್ತಿರ್ತಿದ್ದೆ. ಅವಳು ನಿಂತಿರೋದು ಅಲ್ಲಿಂದ ಕಾಣ್ತಿತ್ತು. ಬಂದು ಮುಟ್ಟೋ ಹೊತ್ತಿಗೆ ಮುಗಿದುಹೋಗಿರ್ತಿತ್ತು. ಮನೇಲಿ ಕೇಳಬಹುದಿತ್ತು. ಕೇಳಲಿಲ್ಲ. ಮುಂದಿನ ಶನಿವಾರ ಇದೆಯಲ್ಲ ಅಂತ."

ಎನಿಡ್ ಎಂಬ ಹೆಸರು ಫೆಬ್ರವರಿಯ ನಂತರ ಆ ಊರಿನಲ್ಲಿ ಮೊದಲ ಸಲ ಹೊರಗೆ ಬಿದ್ದಿತ್ತು. ಜನ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ಅಧ್ಯಕ್ಷೆ ತಡವರಿಸಿ, "ಗಾಳಿ ಸ್ವಲ್ಪ ತಿರುಗಿದ ಹಾಗಿದೆ..." ಎಂದು ಶುರು ಮಾಡಿದರು.

"ನಿಮ್ಮ ಗಾಳಿ ಹಾಳಾಗ್ಲಿ!" ಎಂದಳು ಮಿಸ್ ಪಾಲ್‌ಫ್ರೀ. ಕೋಲೂರಿಕೊಂಡು ಆಂಬ್ರೋಸರ ಹತ್ತಿರ ಬಂದಳು. ಆಂಬ್ರೋಸರಿಗೆ ಎಪ್ಪತ್ತು ದಾಟಿತ್ತು. ಆಕೆಯ ಲೆಕ್ಕದಲ್ಲಿ ಅದು ಹುಡುಗಾಟಿಕೆಯ ವಯಸ್ಸು.

"ಏನೂ ಹೇಳ್ತಿರಲಿಲ್ಲ ಹುಡುಗಾ. ಇಲ್ಲಿ ಅವಳು ಏನೂ ಹೇಳ್ತಿರಲಿಲ್ಲ."

"ಏನೂ ಇಲ್ವಾ?"

"ಏನೂ ಇಲ್ಲ. ನಿನಗೆ ಕಾಯ್ತಿದ್ದಳು."

ಆಂಬ್ರೋಸರ ಕೈಯಲ್ಲಿ ತಿರುಗುತ್ತಿದ್ದ ಟೋಪಿ ನಿಂತಿತು.

ಬೆರಿಲ್‌ಗೆ ಇನ್ನು ತಡೆಯಲಾಗಲಿಲ್ಲ. "ಹೌದು ಮಿಸ್ಟರ್ ಹಾಬ್ಡೇ, ನಾನು ಅಂಗಡಿಯಿಂದ ಪ್ರತಿ ಶನಿವಾರ ನೋಡ್ತಿದ್ದೆ. ಬಂದವರು ಅವಸರ ಮಾಡೋರು, ಮುಂದೆ ಹೋಗೋಣ ಮುಂದೆ ಹೋಗೋಣ ಅಂತ. 'ಇರಿ, ಇನ್ನೊಬ್ಬರು ಬರಬೇಕು' ಅನ್ನೋರು ಎನಿಡ್. ನಿಮ್ಮ ಟೋಪಿ ಸೇತುವೆ ಮೇಲೆ ಕಂಡ ಮೇಲೇ ಹೊರಡ್ತಿದ್ದದ್ದು." ಹೇಳುತ್ತ ಹೇಳುತ್ತ ಅವಳು ಗೊಳೋ ಎಂದು ಅತ್ತುಬಿಟ್ಟಳು. ಅಳುವವರನ್ನು ಕಂಡರೆ ಎತ್ತ ನೋಡಬೇಕೆಂದು ತಿಳಿಯದ ಆ ಊರು ಈಗ ಅವಳನ್ನೇ ನೋಡುತ್ತ ನಿಂತಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಟ್ರ್ಯಾಕ್ಟರಿನವನೂ ಮೂಗು ಒರೆಸಿಕೊಂಡ.

"ಗಂಟೆ ಯಾಕೆ ನಿಲ್ಲಿಸಿದ್ರಿ?" ಮಿಸ್ ಪಾಲ್‌ಫ್ರೀ ಪಾದ್ರಿಯ ಕಡೆ ತಿರುಗಿ ಗದರಿದಳು. "ಅವಳಿಗೆ ನಾವು ಬಾರಿಸೇ ಇಲ್ಲ. ಹೋಗಿ ಬಾರಿಸಿ."

ಪಾದ್ರಿ ತಾನೇ ಓಡಿದ. ಎಲ್ಲಿಂದಲೋ ಸುತ್ತಿ ಬಂದ ಹೂಗುಚ್ಛ ಶಿಲುಬೆಯ ಮೆಟ್ಟಿಲ ಮೇಲೆ ಕೂತಿತು. ಅಧ್ಯಕ್ಷೆ ಆಂಬ್ರೋಸರ ಪಕ್ಕಕ್ಕೆ ಬಂದು ನಿಂತು, ಮುಂದಕ್ಕೇ ನೋಡುತ್ತ, "ಮುಂದಿನ ಶನಿವಾರದಿಂದ ಗೇಟು ನಾನು ಹಾಕ್ತೀನಿ, ಆಂಬ್ರೋಸ್" ಅಂದರು.

ಗಂಟೆ ಬಾರಿಸಿ ನಿಂತಿತು. ಎಲ್ಲರೂ ತಲೆ ತಗ್ಗಿಸಿದರು. ಈ ಸಲ ಯಾರಿಗಾಗಿ ಎಂದು ಎಲ್ಲರಿಗೂ ಗೊತ್ತಿತ್ತು. ಭವನದಲ್ಲಿ ಚಹಾ ಆರುತ್ತಿತ್ತು. ಡಡ್ಲಿಯ ಬಸ್ಸು ಹೊರಡುವ ಹೊತ್ತು ಮೀರಿತ್ತು. ಟ್ರ್ಯಾಕ್ಟರಿನ ಹಿಂದೆ ಕಾರುಗಳು ಸಾಲುಗಟ್ಟಿದ್ದವು. ಆದರೂ ಯಾರೂ ಅಲುಗಲಿಲ್ಲ. ಮೌನ ಮುಗಿಸಬೇಕಾದವರು ಆಂಬ್ರೋಸರು. ಅವರು ಮುಖ ಎತ್ತಿ ಸೇತುವೆಯ ಕಡೆ ನೋಡುತ್ತಿದ್ದರು. ಇಡೀ ಊರು ಅವರಿಗಾಗಿ ಕಾಯುತ್ತ ನಿಂತಿತು.

ಆಂಬ್ರೋಸರು ಅವಸರ ಮಾಡಲಿಲ್ಲ.